ಅಡುಗೆಮನೆಗೆ ಬೀಗ ಹಾಕಿದ ಡೊಮಿನಿಕ್

ಕೂಸು ಅಳುತ್ತದೆ. ತಾಯಿ ಅದರ ಬಾಯಿಗೆ ಏನನ್ನೋ ಇಡುತ್ತಾಳೆ. ಅಳು ನಿಲ್ಲುತ್ತದೆ. ಹುಡುಗ ಬೆಳೆದಂತೆ ಅಳುವುದಕ್ಕೆ ಹೊಸ ಹೊಸ ಕಾರಣಗಳು ಹುಟ್ಟಿಕೊಳ್ಳುತ್ತವೆ. ಸಮಾಧಾನ ಮಾತ್ರ ಪ್ರತಿ ಸಲವೂ ತಿಂಡಿಯ ರೂಪದಲ್ಲೇ ಬರುತ್ತದೆ. 1980ರಲ್ಲಿ ಬಿಡುಗಡೆಯಾದ ‘ಫ್ಯಾಟ್ಸೊ’ ಎಂಬ ಅಮೆರಿಕನ್ ಹಾಸ್ಯಚಿತ್ರ ತನ್ನ ನಾಯಕ ಡೊಮಿನಿಕ್ ಡಿನಾಪೊಲಿಯನ್ನು ನಮಗೆ ಪರಿಚಯಿಸುವುದು ಹೀಗೆ. ಅವನು ದಪ್ಪಗಿದ್ದಾನೆ ಎಂದು ತೋರಿಸುವುದಕ್ಕೂ ಮೊದಲು ಅವನನ್ನು ಎಷ್ಟು ಪ್ರೀತಿಯಿಂದ ಸಾಕಿದರು ಎಂಬುದನ್ನು ಚಿತ್ರ ತೋರಿಸುತ್ತದೆ. ನಲವತ್ತು ವರ್ಷ ದಾಟಿದರೂ ಈ ಚಿತ್ರ ಹಳತಾಗದೆ ಉಳಿದಿರುವುದಕ್ಕೆ ನನಗೆ ಕಾಣುವ ಮೊದಲ ಕಾರಣ ಈ ಕ್ರಮವೇ.

ನ್ಯೂಯಾರ್ಕ್‌ನ ಇಟಾಲಿಯನ್ ಮೂಲದ ಕುಟುಂಬವೊಂದರ ಕಥೆ ಇದು. ಅಕ್ಕ ಆಂಟೊನೆಟ್, ತಮ್ಮಂದಿರು ಡೊಮಿನಿಕ್ ಮತ್ತು ಫ್ರ್ಯಾಂಕಿ. ತಂದೆತಾಯಿ ಇಲ್ಲದ ಮೇಲೆ ಅಕ್ಕನೇ ತಾಯಿಯ ಜಾಗದಲ್ಲಿ ನಿಂತವಳು. ಡೊಮಿನಿಕ್ ಶುಭಾಶಯ ಪತ್ರಗಳನ್ನು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಯಾರಿಗೂ ಕೇಡು ಬಯಸದ, ಎಲ್ಲರಿಗೂ ಬೇಕಾದ ಮನುಷ್ಯ. ಹೀಗಿರುವಾಗ ಅವನಷ್ಟೇ ದಪ್ಪಗಿದ್ದ ದಾಯಾದಿ ಸಾಲ್ವತೋರೆ 39ನೇ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಳ್ಳುತ್ತಾನೆ. ಆ ಶವಪೆಟ್ಟಿಗೆಯ ಮುಂದೆ ಆಂಟೊನೆಟ್ ಎದೆ ಬಡಿದುಕೊಂಡು ಅಳುವ ಪರಿ ನೋಡಬೇಕು. ಸತ್ತವನಿಗಾಗಿ ಅಳುತ್ತಿದ್ದವಳ ಕಣ್ಣು ಬದುಕಿರುವ ತಮ್ಮನ ಮೇಲೆ ಬೀಳುತ್ತದೆ. ಅವಳಿಗೆ ಆ ಪೆಟ್ಟಿಗೆಯೊಳಗೆ ಕಾಣುವುದು ಡೊಮಿನಿಕ್‌ನೇ. ದುಃಖ ಅಲ್ಲೇ ಸಿಟ್ಟಾಗುತ್ತದೆ, ಸಿಟ್ಟು ಕಿರುಚಾಟವಾಗುತ್ತದೆ. ಡಾಕ್ಟರ ಹತ್ತಿರ ಹೋಗು, ತೂಕ ಇಳಿಸು ಎಂದು ಪೀಡಿಸುತ್ತಾಳೆ. ಪ್ರೇಕ್ಷಕ ನಗುತ್ತಾನೆ. ಆದರೆ ಅವಳ ಭಯ ಸುಳ್ಳಲ್ಲ ಎಂಬುದು ಅವನಿಗೂ ಗೊತ್ತಿರುತ್ತದೆ.

ಈ ಆಂಟೊನೆಟ್ ಪಾತ್ರ ಮಾಡಿದವರು ಆನ್ ಬ್ಯಾಂಕ್ರಾಫ್ಟ್. ಚಿತ್ರ ಬರೆದವರೂ ಅವರೇ, ನಿರ್ದೇಶಿಸಿದವರೂ ಅವರೇ. ‘ದಿ ಮಿರಾಕಲ್ ವರ್ಕರ್’ ಚಿತ್ರಕ್ಕೆ ಆಸ್ಕರ್ ಪಡೆದ ನಟಿ, ‘ದಿ ಗ್ರ್ಯಾಜುಯೇಟ್’ನ ಮಿಸೆಸ್ ರಾಬಿನ್ಸನ್ ಎಂದು ಜಗತ್ತಿಗೆಲ್ಲ ಗೊತ್ತಿದ್ದವರು. ಅವರ ಹುಟ್ಟು ಹೆಸರು ಆನಾ ಮರಿಯಾ ಲೂಯಿಸಾ ಇಟಾಲಿಯಾನೊ. ಬೆಳೆದದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಇಟಲಿಯಿಂದ ವಲಸೆ ಬಂದವರ ಮಕ್ಕಳ ಮನೆಯಲ್ಲಿ. ಹಾಗಾಗಿ ‘ಫ್ಯಾಟ್ಸೊ’ದಲ್ಲಿ ಕಾಣುವ ಊಟದ ಮೇಜು, ಒಬ್ಬರ ಮಾತನ್ನೊಬ್ಬರು ಕತ್ತರಿಸುವ ಗದ್ದಲ, ಬೈಗುಳದ ಬೆನ್ನಿಗೇ ಬರುವ ಅಪ್ಪುಗೆ, ಇವೆಲ್ಲ ಅವರು ಕಂಡುಂಡ ಸಂಗತಿಗಳು. ಅವರು ನಿರ್ದೇಶಿಸಿದ ಪೂರ್ಣಾವಧಿಯ ಚಿತ್ರ ಇದೊಂದೇ. ಕ್ಯಾಮೆರಾ ಹಿಡಿದವರು ಬ್ರಿಯಾನ್ ಮರ್ಫಿ. ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಚಿತ್ರವೊಂದಕ್ಕೆ ಒಬ್ಬ ಮಹಿಳೆ ಛಾಯಾಗ್ರಾಹಕಿಯಾಗಿ ಹೊಣೆ ಹೊತ್ತದ್ದು ಅದೇ ಮೊದಲು. ಈ ಒಂದು ಸಂಗತಿಗಾದರೂ ಚಿತ್ರಕ್ಕೆ ಚರಿತ್ರೆಯಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಚಿತ್ರ ನಿರ್ಮಿಸಿದ್ದು ಬ್ಯಾಂಕ್ರಾಫ್ಟ್ ಅವರ ಪತಿ, ಹಾಸ್ಯಚಿತ್ರಗಳ ದೊಡ್ಡ ಹೆಸರು ಮೆಲ್ ಬ್ರೂಕ್ಸ್ ಅವರ ‘ಬ್ರೂಕ್ಸ್‌ಫಿಲ್ಮ್ಸ್’. ಅದೇ ಸಂಸ್ಥೆ ಅದೇ ವರ್ಷ ಡೇವಿಡ್ ಲಿಂಚ್ ನಿರ್ದೇಶನದ ‘ದಿ ಎಲಿಫೆಂಟ್ ಮ್ಯಾನ್’ ಅನ್ನೂ ಹೊರತಂದಿತು. ಒಂದು ಗಂಭೀರ ಚಿತ್ರ, ಇನ್ನೊಂದು ಹಾಸ್ಯ. ಆದರೆ ಎರಡರಲ್ಲೂ ಇರುವುದು ಮೈಯ ಆಕಾರದಿಂದಾಗಿ ಲೋಕದ ಕಣ್ಣಿಗೆ ಗುರಿಯಾದ ಮನುಷ್ಯನೇ. ‘ದಿ ಎಲಿಫೆಂಟ್ ಮ್ಯಾನ್’ಗೆ ಎಂಟು ಆಸ್ಕರ್ ನಾಮನಿರ್ದೇಶನಗಳು ಬಂದವು. ‘ಫ್ಯಾಟ್ಸೊ’ ವಿಮರ್ಶಕರಿಗೆ ಅಷ್ಟಾಗಿ ಹಿಡಿಸಲಿಲ್ಲ. ನಗಬೇಕೋ ಮರುಗಬೇಕೋ ತಿಳಿಯುವುದಿಲ್ಲ ಎಂಬುದು ಆಗಿನ ಮುಖ್ಯ ದೂರು. ಅವರು ದೋಷ ಎಂದದ್ದನ್ನು ನಾನು ಚಿತ್ರದ ಜೀವಾಳ ಎನ್ನುತ್ತೇನೆ. ದಪ್ಪ ಮೈಯವರ ಮನೆಯಲ್ಲಿ ನಗುವೂ ಮರುಕವೂ ಬೇರೆ ಬೇರೆ ಹೊತ್ತಿಗೆ ಬರುವುದಿಲ್ಲ, ಒಟ್ಟಿಗೇ ಬರುತ್ತವೆ.

ಚಿತ್ರದ ತುಂಬ ಪ್ರಸಿದ್ಧ ದೃಶ್ಯ ನಡೆಯುವುದು ರಾತ್ರಿ, ಅಡುಗೆಮನೆಯಲ್ಲಿ. ಡೊಮಿನಿಕ್ ಪಥ್ಯ ಶುರು ಮಾಡಿದ್ದಾನೆ. ತನ್ನ ಮೇಲೆ ತನಗೇ ನಂಬಿಕೆ ಇಲ್ಲದ್ದರಿಂದ ಕಪಾಟುಗಳಿಗೂ ಫ್ರಿಜ್ಜಿಗೂ ಸರಪಳಿ ಬಿಗಿಸಿ ಬೀಗ ಹಾಕಿಸಿದ್ದಾನೆ. ಕೀಲಿಕೈ ತಮ್ಮ ಫ್ರ್ಯಾಂಕಿಯ ಹತ್ತಿರ. ಅರ್ಧರಾತ್ರಿಯಲ್ಲಿ ಹಸಿವು ತಡೆಯದೆ ಎದ್ದುಬಂದವನು ಕೀಲಿಕೈ ಕೊಡು ಎಂದು ಬೇಡುತ್ತಾನೆ, ಗದರುತ್ತಾನೆ, ಕೊನೆಗೆ ಚಾಕು ಹಿಡಿದು ಸ್ವಂತ ತಮ್ಮನನ್ನೇ ಬೆದರಿಸುತ್ತಾನೆ. ನೊಣಕ್ಕೂ ನೋವು ಮಾಡದ ಆ ಮನುಷ್ಯನ ಮುಖದಲ್ಲಿ ಆಗ ಕಾಣುವ ಗಾಬರಿ, ಡೊಮಿನಿಕ್ ಪಾತ್ರ ಮಾಡಿದ ಡಾಮ್ ಡಿಲೂಯಿಸ್ ಅವರ ನಟನೆಯ ಎತ್ತರ. ಮೆಲ್ ಬ್ರೂಕ್ಸ್ ಚಿತ್ರಗಳಲ್ಲಿ ಅವರನ್ನು ಬಳಸಿಕೊಂಡದ್ದು ಹೆಚ್ಚಾಗಿ ಅಬ್ಬರದ ಹಾಸ್ಯಕ್ಕೆ. ಇಲ್ಲಿ ಅವರು ಅಬ್ಬರದ ನಡುವೆಯೇ ಹೆದರಿಕೆಯನ್ನು ಕಾಣಿಸುತ್ತಾರೆ: ತಾನು ಏನು ಮಾಡುತ್ತಿದ್ದೇನೆ ಎಂಬುದು ತನಗೇ ಕಾಣುತ್ತಿದ್ದರೂ ಕೈ ತಡೆಯಲಾಗದವನ ಹೆದರಿಕೆ.

ಫ್ರ್ಯಾಂಕಿ ಗಾಬರಿಯಿಂದ ‘ಚಬ್ಬಿ ಚೆಕರ್ಸ್’ ಎಂಬ ಗುಂಪಿನವರನ್ನು ಕರೆಸುತ್ತಾನೆ. ತಿನ್ನುವ ಚಟದಿಂದ ಬಿಡಿಸಿಕೊಳ್ಳಲು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು ಅದು. ಇದು ಚಿತ್ರದ ಕಲ್ಪನೆಯಾದರೂ ಅದರ ಹಿಂದೆ ನಿಜದ ಹಿನ್ನೆಲೆ ಇದೆ. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಓವರ್‌ಈಟರ್ಸ್ ಅನಾನಿಮಸ್’ ಹುಟ್ಟಿತ್ತು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿ, ಬಚ್ಚಿಟ್ಟುಕೊಂಡು ಬಿಸ್ಕತ್ತು ತಿನ್ನುವ ತನ್ನ ಗುಟ್ಟನ್ನು ಗೆಳತಿಯರ ಮುಂದೆ ಬಿಚ್ಚಿಟ್ಟು, ಅವರೊಡನೆ ಮನೆಯಲ್ಲೇ ಕೂಟ ಸೇರುತ್ತ 1963ರಲ್ಲಿ ‘ವೇಟ್ ವಾಚರ್ಸ್’ ಕಟ್ಟಿದರು. ಗುಟ್ಟನ್ನು ಹೇಳಿಕೊಂಡರೆ ಹೊರೆ ಇಳಿಯುತ್ತದೆ ಎಂಬ ನಂಬಿಕೆ ಆ ಕಾಲದ ಅಮೆರಿಕದಲ್ಲಿ ಬೇರುಬಿಟ್ಟಿತ್ತು.

ಡೊಮಿನಿಕ್‌ನ ಅಡುಗೆಮನೆಗೆ ಬಂದ ‘ಚಬ್ಬಿ ಚೆಕರ್ಸ್’ ಗುಂಪಿನ ಇಬ್ಬರೂ ಒಳ್ಳೆಯವರೇ. ಬಿಸಿನೀರಿಗೆ ನಿಂಬೆರಸ ಹಿಂಡಿಕೊಂಡು ಕೂರುತ್ತಾರೆ, ಧೈರ್ಯ ಹೇಳುತ್ತಾರೆ. ಬಿಸಿನೀರಿಗೆ ಒಂದಿಷ್ಟು ಜೇನುತುಪ್ಪ ಬೇಕೆನಿಸುತ್ತದೆ. ಒಬ್ಬರು ತಾವು ತಿನ್ನುತ್ತಿದ್ದ ತಿಂಡಿಯನ್ನು ನೆನೆಯುತ್ತಾರೆ, ಇನ್ನೊಬ್ಬರ ಬಾಯಲ್ಲಿ ನೀರೂರುತ್ತದೆ. ಮಾತು ಒಂದು ತಿಂಡಿಯಿಂದ ಇನ್ನೊಂದಕ್ಕೆ ದಾಟುತ್ತ ದಾಟುತ್ತ ಕೊನೆಗೆ ಮೂವರೂ ಸೇರಿ ಅಡುಗೆಮನೆಯನ್ನೇ ಬಳಿದು ತಿನ್ನುತ್ತಾರೆ. ನಮ್ಮಲ್ಲೂ ಬೆಳಗ್ಗೆ ಎದ್ದು ಬಿಸಿನೀರು, ನಿಂಬೆ, ಜೇನುತುಪ್ಪ ಕುಡಿದು ಹೊಸ ಬದುಕು ಆರಂಭಿಸಿದವರು ಯಾವ ಬೀದಿಯಲ್ಲಿ ಇಲ್ಲ? ಅವರಿಗೆ ಈ ದೃಶ್ಯದ ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ.

ಬ್ಯಾಂಕ್ರಾಫ್ಟ್ ಇದನ್ನು ಬರೆದದ್ದು ವಿಜ್ಞಾನದ ಪುಸ್ತಕ ಓದಿಯೋ ಮನೆಮಂದಿಯನ್ನು ನೋಡಿಯೋ ಗೊತ್ತಿಲ್ಲ, ಆದರೆ ಹಸಿವಿನ ಬಗ್ಗೆ ಈ ದೃಶ್ಯ ಹೇಳುವುದು ನಿಜ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇರಿಸಿ ಅಧ್ಯಯನ ಮಾಡಿದರು. ಎಲ್ಲರೂ ಒಪ್ಪಿಯೇ ಬಂದಿದ್ದವರು, ಮನೋಬಲಕ್ಕೆ ಕೊರತೆ ಇರಲಿಲ್ಲ. ವಾರಗಳು ಕಳೆದಂತೆ ಅವರ ಮಾತು, ಕನಸು ಎಲ್ಲ ಊಟದ ಸುತ್ತಲೇ ತಿರುಗತೊಡಗಿತು. ಅಡುಗೆ ಪುಸ್ತಕಗಳಲ್ಲಿ ಎಂದೂ ಆಸಕ್ತಿ ಇಲ್ಲದವರು ಅವನ್ನು ಕೂಡಿಹಾಕಿಕೊಂಡು ಓದತೊಡಗಿದರು. ಅಧ್ಯಯನ ಮುಗಿದು ಬೇಕಾದಷ್ಟು ಊಟ ಸಿಕ್ಕಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಮೈಯನ್ನು ಹಸಿವಿನಲ್ಲಿಟ್ಟರೆ ಮನಸ್ಸು ಅನ್ನವನ್ನೇ ಧ್ಯಾನಿಸುತ್ತದೆ. ಡೊಮಿನಿಕ್‌ನ ಕೈಯಲ್ಲಿದ್ದ ಚಾಕುವನ್ನು ಬಾಯಿಚಪಲ ಎಂದು ತಳ್ಳಿಹಾಕುವವರು ಇದನ್ನು ತಿಳಿಯಬೇಕು.

ಇನ್ನು ಲಿಡಿಯಾ. ಕ್ಯಾಂಡಿಸ್ ಅಜಾರಾ ಅಭಿನಯಿಸಿದ ಈ ಹೆಣ್ಣು ಹಳೆಯ ಸಾಮಾನುಗಳ ಅಂಗಡಿಯವಳು, ಮೃದು ಸ್ವಭಾವದವಳು. ಡೊಮಿನಿಕ್ ಅವಳನ್ನು ನೋಡಿ ನಾಚುತ್ತಾನೆ, ಮಾತು ತಡವರಿಸುತ್ತಾನೆ. ಅವಳೊಡನೆ ಹೊತ್ತು ಕಳೆದು ಮನೆಗೆ ಬಂದಾಗ ಅವನಿಗೊಂದು ಅಚ್ಚರಿ ಹೊಳೆಯುತ್ತದೆ: ಇಷ್ಟು ಹೊತ್ತು ಊಟದ ನೆನಪೇ ಆಗಿರಲಿಲ್ಲ! ಇಲ್ಲಿಗೇ ನಿಂತಿದ್ದರೆ ‘ಫ್ಯಾಟ್ಸೊ’ ಪ್ರೀತಿಯೇ ಬೊಜ್ಜಿಗೆ ಮದ್ದು ಎಂದು ಸಾರುವ ಸಿಹಿ ಸುಳ್ಳಾಗಿಬಿಡುತ್ತಿತ್ತು. ಬ್ಯಾಂಕ್ರಾಫ್ಟ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಒಂದು ದಿನ ಲಿಡಿಯಾ ಎಲ್ಲೂ ಸಿಗುವುದಿಲ್ಲ. ಕಾರಣ ಬೇರೆಯೇ ಇದ್ದರೂ ಡೊಮಿನಿಕ್‌ಗೆ ಅದು ತಿಳಿಯದು, ತನ್ನನ್ನು ಬಿಟ್ಟುಹೋದಳು ಎಂದೇ ಅವನು ತಿಳಿಯುತ್ತಾನೆ. ತೊಟ್ಟಿಲಲ್ಲಿ ಕಲಿತ ಪಾಠ ಆ ಕ್ಷಣ ಮರಳುತ್ತದೆ. ಚೀನಿ ಊಟವನ್ನು ರಾಶಿ ಹಾಕಿಕೊಂಡು, ರುಚಿ ನೋಡದೆ, ಗಬಗಬನೆ ತಿನ್ನುತ್ತಾನೆ. ಅಲ್ಲಿ ನಗು ಬರುವುದಿಲ್ಲ. ದುಃಖವನ್ನು ನುಂಗುವುದು ಎಂದು ನಾವು ಬರಿಮಾತಿಗೆ ಹೇಳುವುದು ಅಲ್ಲಿ ಕಣ್ಣೆದುರು ನಡೆಯುತ್ತದೆ.

ಕೊನೆಯಲ್ಲಿ ಡೊಮಿನಿಕ್ ತೆಳ್ಳಗಾಗುವುದಿಲ್ಲ. ನಾನು ಈ ಚಿತ್ರವನ್ನು ಮತ್ತೆ ಮತ್ತೆ ಶಿಫಾರಸು ಮಾಡುವುದು ಈ ಕಾರಣಕ್ಕೆ. ದಪ್ಪಗಿರುವ ನಾಯಕ ಅಥವಾ ನಾಯಕಿ ಕೊನೆಯ ರೀಲಿನ ಹೊತ್ತಿಗೆ ತೂಕ ಇಳಿಸಿಕೊಂಡು, ಅದಕ್ಕೆ ಬಹುಮಾನವೆಂಬಂತೆ ಪ್ರೀತಿ ಪಡೆಯುವ ಚಿತ್ರಗಳಿಗೆ ಲೆಕ್ಕವಿಲ್ಲ. ಇಲ್ಲಿ ಡೊಮಿನಿಕ್ ತನ್ನ ಮೈಯನ್ನು ತನ್ನದೆಂದು ಒಪ್ಪಿಕೊಳ್ಳುತ್ತಾನೆ, ಲಿಡಿಯಾಳನ್ನು ಮದುವೆಯಾಗುತ್ತಾನೆ, ಸಂಸಾರ ಬೆಳೆಯುತ್ತದೆ. ತೂಕ ಇಳಿದ ಮೇಲೆ ಬದುಕು ಶುರು ಎಂಬ ಷರತ್ತನ್ನು ಅವನು ತೆಗೆದುಹಾಕುತ್ತಾನೆ. ಹಾಗೆಂದು ಮೈಭಾರದಿಂದ ಅಪಾಯವೇ ಇಲ್ಲ ಎಂದೂ ಚಿತ್ರ ಹೇಳುವುದಿಲ್ಲ. ಕಥೆ ಹೊರಡುವುದೇ 39 ವರ್ಷದವನ ಶವಪೆಟ್ಟಿಗೆಯಿಂದ. ಆರೋಗ್ಯದ ಚಿಂತೆ ನಿಜ, ಅವಮಾನದಿಂದ ಆರೋಗ್ಯ ಬರುವುದಿಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ಮಾತಾಡುವವರು ಇವತ್ತಿಗೂ ಕಡಿಮೆ.

ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಕಿರುಚಾಟ ಕೆಲವೆಡೆ ಅಳತೆ ಮೀರುತ್ತದೆ. ಲಿಡಿಯಾಳ ಒಳಮನಸ್ಸು ನಮಗೆ ಸಾಕಷ್ಟು ತೆರೆದುಕೊಳ್ಳುವುದಿಲ್ಲ, ಅವಳು ಒಳ್ಳೆಯವಳು ಎಂಬುದಷ್ಟೇ ಗೊತ್ತಾಗುತ್ತದೆ. ದಪ್ಪಗಿರುವುದು ಡೊಮಿನಿಕ್ ಬದಲು ಲಿಡಿಯಾ ಆಗಿದ್ದರೆ 1980ರ ಪ್ರೇಕ್ಷಕರು ಇಷ್ಟು ಅಕ್ಕರೆ ತೋರುತ್ತಿದ್ದರೇ ಎಂಬ ಪ್ರಶ್ನೆಯೂ ಉಳಿಯುತ್ತದೆ. ಆ ಪ್ರಶ್ನೆಗೆ ನಮ್ಮ ದೇಶದಲ್ಲೇ 2015ರಲ್ಲಿ ಒಂದು ಒಳ್ಳೆಯ ಉತ್ತರ ಬಂತು: ಶರತ್ ಕಟಾರಿಯಾ ಅವರ ಹಿಂದಿ ಚಿತ್ರ ‘ದಮ್ ಲಗಾ ಕೆ ಹೈಶಾ’. ಅದರಲ್ಲಿ ಭೂಮಿ ಪೆಡ್ನೇಕರ್ ಮಾಡಿದ ದಪ್ಪ ಮೈಯ ಸಂಧ್ಯಾ ಓದಿದವಳು, ತನ್ನ ಮೈ ಬಗ್ಗೆ ಗಂಡ ಆಡಿದ ಮಾತಿಗೆ ಮನೆ ಬಿಟ್ಟು ನಡೆಯುವಷ್ಟು ಗಟ್ಟಿಗಿತ್ತಿ.

‘ಫ್ಯಾಟ್ಸೊ’ ಬಂದಾಗ ವೈದ್ಯಲೋಕಕ್ಕೆ ಬೊಜ್ಜಿನ ಬಗ್ಗೆ ಈಗಿನಷ್ಟು ಗೊತ್ತಿರಲಿಲ್ಲ. 1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದ 540 ಜನರ ಅಧ್ಯಯನ ಪ್ರಕಟಿಸಿದರು. ಅವರ ಮೈತೂಕ ಸಾಕಿದವರ ತೂಕಕ್ಕೆ ಹೊಂದಲಿಲ್ಲ, ಹೆತ್ತವರ ತೂಕಕ್ಕೆ ಹೊಂದಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿತು. ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ಕೊಬ್ಬಿನ ಕೋಶಗಳು ಮಿದುಳಿಗೆ ತಿಳಿಸುವುದು ಇದರ ಮೂಲಕ. ತೂಕ ಇಳಿದರೆ ಲೆಪ್ಟಿನ್ ಕುಸಿಯುತ್ತದೆ, ಮಿದುಳು ಅದನ್ನು ಬರಗಾಲವೆಂದು ತಿಳಿದು ಹಸಿವನ್ನು ಏರಿಸುತ್ತದೆ, ಶಕ್ತಿಯ ಖರ್ಚನ್ನು ಇಳಿಸುತ್ತದೆ. ಕಷ್ಟಪಟ್ಟು ಇಳಿಸಿದ ತೂಕ ಮತ್ತೆ ಏರುವುದರ ಹಿಂದೆ ಇಂಥ ಹಲವು ವ್ಯವಸ್ಥೆಗಳಿವೆ. ಅಮೆರಿಕದ ವೈದ್ಯಕೀಯ ಸಂಘ ಬೊಜ್ಜನ್ನು ಕಾಯಿಲೆ ಎಂದು ಒಪ್ಪಿದ್ದು 2013ರಲ್ಲಿ, ಈ ಚಿತ್ರ ಬಂದು 33 ವರ್ಷಗಳ ಮೇಲೆ.

ಈಗ ಚುಚ್ಚುಮದ್ದುಗಳ ಕಾಲ. ಸೆಮಾಗ್ಲುಟೈಡ್ ಔಷಧ ‘ವೆಗೋವಿ’ ಎಂಬ ಹೆಸರಿನಲ್ಲಿ ತೂಕ ಇಳಿಸಲು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆಯಿತು. ಭಾರತದ ಮಾರುಕಟ್ಟೆಗೆ ‘ವೆಗೋವಿ’ ಮತ್ತು ಅಂಥದೇ ಇನ್ನೊಂದು ಮದ್ದು ‘ಮೌಂಜಾರೊ’ ಎರಡೂ 2025ರಲ್ಲಿ ಬಂದವು. ಇವನ್ನು ತೆಗೆದುಕೊಂಡವರಲ್ಲಿ ಅನೇಕರು ಹೇಳುವ ಮಾತೊಂದಿದೆ: ತಲೆಯೊಳಗೆ ಹಗಲುರಾತ್ರಿ ನಡೆಯುತ್ತಿದ್ದ ತಿಂಡಿಯ ಗಲಾಟೆ ನಿಂತಿತು. ಡೊಮಿನಿಕ್‌ಗೆ ಅರ್ಧರಾತ್ರಿಯಲ್ಲಿ ಕೇಳಿಸುತ್ತಿದ್ದುದು ಅದೇ ಗಲಾಟೆ. ಅದು ಮನುಷ್ಯನ ಗುಣದ ದೋಷವಾಗಿದ್ದರೆ ಹಾರ್ಮೋನನ್ನು ಅನುಕರಿಸುವ ಮದ್ದಿಗೆ ಅಡಗುತ್ತಿರಲಿಲ್ಲ. ಮದ್ದು ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ, ಅಡ್ಡಪರಿಣಾಮಗಳಿವೆ, ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ. ಆದ್ದರಿಂದ ಇದು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದ ಸಂಗತಿ, ನೆಂಟರ ಸಲಹೆಯ ಮೇಲಲ್ಲ.

ಕರ್ನಾಟಕದಲ್ಲಿ ಕೂತು ಈ ಚಿತ್ರ ನೋಡುವಾಗ ಇನ್ನೂ ಕೆಲವು ಸಂಗತಿ ಮನಸ್ಸಿಗೆ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 24ರಷ್ಟು ಮಹಿಳೆಯರು, ಶೇ 23ರಷ್ಟು ಪುರುಷರು ಅತಿತೂಕ ಅಥವಾ ಬೊಜ್ಜು ಇರುವವರು. ಕರ್ನಾಟಕದಲ್ಲಿ ಇದು ಇಬ್ಬರಲ್ಲೂ ಶೇ 30ರ ಸುಮಾರು. ಹತ್ತರಲ್ಲಿ ಮೂವರು ಎಂದರೆ ಹೆಚ್ಚುಕಡಿಮೆ ಮನೆಗೊಬ್ಬರು. 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ಆ ವಯಸ್ಸಿನ ಹುಡುಗಿಗೆ ಆ ಮೇಜಿನ ಮೇಲೆ ಮಲಗುವ ಅಗತ್ಯ ಬಂತಲ್ಲ ಎಂದು ಅವತ್ತು ಅನೇಕ ಮನೆಗಳಲ್ಲಿ ಮರುಗಿದರು. ಅಗತ್ಯವನ್ನು ಹುಟ್ಟಿಸಿದ್ದು ಬೇರೆ ಯಾರೋ ಅಲ್ಲ, ನೋಡುವ ನಮ್ಮ ಕಣ್ಣುಗಳೇ.

ನಮ್ಮ ಹಾಸ್ಯವೂ ಈ ವಿಷಯದಲ್ಲಿ ಬಹುಕಾಲ ಕರುಣೆ ತೋರಲಿಲ್ಲ. ದಪ್ಪಗಿರುವ ನಟ ತೆರೆಗೆ ಬಂದರೆ ಕುರ್ಚಿ ಮುರಿಯಬೇಕು, ಆಟೊ ವಾಲಬೇಕು, ತಟ್ಟೆ ತುಂಬ ಇಡ್ಲಿ ಬರಬೇಕು. ಅವನಿಗೊಂದು ಮನೆ, ಅಕ್ಕತಂಗಿ, ಪ್ರೇಮ, ಭಯ ಇರಬಹುದೆಂಬ ಯೋಚನೆಯೇ ಕಥೆ ಬರೆಯುವವರಿಗೆ ಹೊಳೆಯುತ್ತಿರಲಿಲ್ಲ. ಮೈಯ ಲೋಪವೆಂದು ಲೋಕ ಕರೆಯುವುದನ್ನು ಒಳಗಿನಿಂದ ನೋಡುವ ಹಾಸ್ಯ ಕನ್ನಡದಲ್ಲಿ ಸಾಧ್ಯ ಎಂದು ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತೋರಿಸಿದರು. ಅಲ್ಲಿರುವುದು ಬೋಳುತಲೆಯ ಕನ್ನಡ ಮೇಷ್ಟ್ರು, ಹುಡುಗಿ ಹುಡುಕುವ ಸಂಕಟ. ಬೊಜ್ಜಿನ ಬಗ್ಗೆ ಅಂಥ ಕನ್ನಡ ಚಿತ್ರಕ್ಕೆ ನಾನು ಕಾಯುತ್ತಿದ್ದೇನೆ. ವಸ್ತುವಿಗೇನು ಬರ? ಒಂದು ಮದುವೆಮನೆಯ ಊಟದ ಪಂಕ್ತಿ ಸಾಕು. ‘ಸಂಕೋಚ ಮಾಡ್ಕೋಬೇಡ, ಇನ್ನೊಂದು ಹೋಳಿಗೆ ಹಾಕಿಸ್ಕೊ’ ಎಂದು ತುಪ್ಪ ಬಡಿಸಿದ ಅತ್ತೆಯೇ ಕೈತೊಳೆಯುವ ಹೊತ್ತಿಗೆ ‘ಏನೇ, ಒಂದು ಸುತ್ತು ದಪ್ಪ ಆಗಿದ್ದೀಯಲ್ಲ, ಗಂಡು ನೋಡೋ ಕಾಲ, ಸ್ವಲ್ಪ ನೋಡ್ಕೋಬಾರದಾ’ ಎನ್ನುತ್ತಾರೆ. ಬಡಿಸಿದ್ದೂ ಪ್ರೀತಿಯಿಂದ, ಅಂದದ್ದೂ ಪ್ರೀತಿಯಿಂದ. ಆಂಟೊನೆಟ್ ನ್ಯೂಯಾರ್ಕ್‌ನಲ್ಲಿ ಮಾಡುವುದೂ ಇದನ್ನೇ. ಊಟ ಹಾಕುವ ಕೈಯೇ ಊಟಕ್ಕೆ ನಾಚಿಕೆಪಡುವಂತೆ ಮಾಡಿದರೆ ಮಕ್ಕಳು ಕದ್ದು ತಿನ್ನಲು ಕಲಿಯುತ್ತಾರೆ.

ಡಾಮ್ ಡಿಲೂಯಿಸ್ ಅವರ ಬದುಕೂ ಈ ಚಿತ್ರದಿಂದ ದೂರ ಇರಲಿಲ್ಲ. ಬ್ರೂಕ್ಲಿನ್‌ನ ಇಟಾಲಿಯನ್ ಕುಟುಂಬದಲ್ಲಿ ಹುಟ್ಟಿದ ಅವರು ಜೀವನವಿಡೀ ತೂಕದೊಡನೆ ಹೆಣಗಿದರು. ಅಡುಗೆಯನ್ನು ಅಷ್ಟೇ ಪ್ರೀತಿಸಿದರು. 1988ರಲ್ಲಿ ಅವರು ತಂದ ಅಡುಗೆ ಪುಸ್ತಕದಲ್ಲಿ ಮನೆಯ ಇಟಾಲಿಯನ್ ಅಡುಗೆಗಳೂ ಅದರ ಸುತ್ತಲಿನ ನೆನಪುಗಳೂ ಇವೆ. ಇದನ್ನು ತಿನ್ನು, ಸಮಾಧಾನವಾಗುತ್ತದೆ ಎಂಬ ಅರ್ಥದ ಹೆಸರನ್ನೇ ಆ ಪುಸ್ತಕಕ್ಕೆ ಇಟ್ಟಿದ್ದರು. ರಕ್ತದೊತ್ತಡ, ಮಧುಮೇಹ ಅವರನ್ನು ಕಾಡಿದವು. 2009ರಲ್ಲಿ, 75ನೇ ವಯಸ್ಸಿನಲ್ಲಿ ನಿಧನರಾದರು. ಬ್ಯಾಂಕ್ರಾಫ್ಟ್ ಅದಕ್ಕೂ ಮೊದಲೇ, 2005ರಲ್ಲಿ ತೀರಿಕೊಂಡಿದ್ದರು. ನಟಿಯಾಗಿ ಅವರಿಗೆ ಸಿಕ್ಕ ಕೀರ್ತಿಯಲ್ಲಿ ನಿರ್ದೇಶಕಿಯಾಗಿ ಅವರಿಗೆ ಪಾಲು ಸಿಗಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಇಂಥ ಕಣ್ಣಿದ್ದವರು ಇನ್ನೂ ನಾಲ್ಕಾರು ಚಿತ್ರ ಮಾಡಬೇಕಿತ್ತು.

‘ಫ್ಯಾಟ್ಸೊ’ ಒಂದೂವರೆ ಗಂಟೆಯ ಚಿತ್ರ. ಸಿಕ್ಕರೆ ಮನೆಮಂದಿಯೆಲ್ಲ ಕೂತು ನೋಡಿ, ಮುಖ್ಯವಾಗಿ ಮನೆಯಲ್ಲಿ ತೂಕದ ಮಾತು ದಿನಾ ಎತ್ತುವವರು ನೋಡಿ. ಮನೆಯಲ್ಲಿ ಯಾರಿಗಾದರೂ ಮೈಭಾರದಿಂದ ಮಂಡಿನೋವು, ಸಕ್ಕರೆ, ಏದುಸಿರು ಶುರುವಾಗಿದ್ದರೆ ಡಾಕ್ಟರ ಹತ್ತಿರ ಜೊತೆಗೆ ಹೋಗಿ, ಪಥ್ಯ ಹೇಳಿದ್ದರೆ ಇಡೀ ಮನೆಗೆ ಅದೇ ಅಡುಗೆ ಮಾಡಿ. ಮುಂದಿನ ಹಬ್ಬಕ್ಕೆ ಅಕ್ಕನ ಮಗಳೋ ಚಿಕ್ಕಪ್ಪನ ಮಗನೋ ಬಾಗಿಲಿಗೆ ಬಂದಾಗ ಮೊದಲು ಅವರ ಓದು, ಕೆಲಸ, ಸ್ನೇಹಿತರು, ಪ್ರಯಾಣ ಹೇಗಿತ್ತು ಎಂದು ಕೇಳಿ. ದಪ್ಪ ಆಗಿದ್ದೀಯ, ಸಣ್ಣ ಆಗಿದ್ದೀಯ ಎಂಬ ಮಾತು ಅವತ್ತಿನ ಮಟ್ಟಿಗಾದರೂ ಬೇಡ.